ಕೌದಿಗೆ ಹೋಳಿಗೆ ಉಣಿಸಿದವರು

ನನ್ನ ಸೋದರಮಾವನ ಬಳಿ ಹನ್ನೊಂದು ಸರ್ಟಿಫಿಕೇಟುಗಳಿವೆ. ಎಲ್ಲವೂ ಕರಕುಶಲ ಕಲೆಯವು! ಆದರೆ ಅಂಗಿಯ ಗುಂಡಿ ಕಿತ್ತುಹೋದರೆ ಸೇಫ್ಟಿ ಪಿನ್ ಚುಚ್ಚಿಕೊಂಡು ತಿರುಗುತ್ತಾರೆ. ಇಂಥ ಕಲಾವಿದರು ನಿಮ್ಮ ವಂಶದಲ್ಲೂ ಒಬ್ಬರಿದ್ದರೆ ದಯವಿಟ್ಟು ತಿಳಿಸಿ, ಇಬ್ಬರೂ ಕೂತು ಸಮಾಧಾನ ಮಾಡಿಕೊಳ್ಳೋಣ.

ಮಾವ ಧಾರವಾಡದವರು. ಮುಂಬೈಗೆ ಬಂದು ಒಂದು ವಿಮಾ ಕಚೇರಿಯಲ್ಲಿ ಜೀವಮಾನವಿಡೀ ಫೈಲು ತಿರುವಿ, ನಿವೃತ್ತರಾಗಿ ಈಗ ಗೋರೆಗಾಂವ್‌ನ ಕಾಲನಿಯೊಂದರಲ್ಲಿ ಅತ್ತೆಯ ಜೊತೆ ಇದ್ದಾರೆ. ನಾನಿರುವುದು ದಹಿಸರ್‌ನಲ್ಲಿ. ಭಾನುವಾರ ಬಂತೆಂದರೆ ಲೋಕಲ್ ರೈಲು ಹತ್ತಿ ಅತ್ತೆಯ ಕೈಯ ಊಟಕ್ಕೆ ಹೋಗುತ್ತಿದ್ದೆ. ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಕಾಲು ಮರಳಿತು, ಬಲಗೈ ಮಾತ್ರ ಮಡಿಲಲ್ಲಿ ಬಿದ್ದುಕೊಂಡಿತು. ನಮ್ಮ ಇಡೀ ಬಳಗಕ್ಕೆ ಕೌದಿ ಹೊಲಿದುಕೊಟ್ಟ ಕೈ ಅದು! ಹಳೆಯ ಸೀರೆ, ಧೋತರಗಳ ತುಂಡು ಜೋಡಿಸಿ ಅವರು ಹೊಲಿದ ಹೊದಿಕೆ ಇಲ್ಲದೆ ನಮ್ಮಲ್ಲಿ ಒಂದು ಕೂಸೂ ಮಲಗಿಲ್ಲ. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ಬೆರಳುಗಳನ್ನು ದಿನಾ ದುಡಿಸಬೇಕು, ಸುಮ್ಮನೆ ಬಿಟ್ಟರೆ ಅವು ಹಾಗೆಯೇ ನಿಂತುಬಿಡುತ್ತವೆ. ಹಿಚುಕಲು ಒಂದು ಹಳದಿ ಚೆಂಡನ್ನೂ ಕೊಟ್ಟಿದ್ದರು. ಅತ್ತೆ ಅದನ್ನು ದಿಂಬಿನ ಹಿಂದೆ ತಳ್ಳಿ, "ನಾ ಏನ ಕೂಸೇನು, ಚಂಡ ಆಡಲಿಕ್ಕೆ?" ಎಂದು ಗೋಡೆ ಕಡೆ ಹೊರಳಿ ಮಲಗಿಬಿಡುತ್ತಿದ್ದರು.

ಇಂಥ ಹೊತ್ತಿನಲ್ಲಿ ಗಂಡನಾದವನು ಏನು ಮಾಡಬೇಕು ಹೇಳಿ? ಪಕ್ಕದಲ್ಲಿ ಕೂತು ಬೆರಳು ಆಡಿಸಬೇಕು. ನಮ್ಮ ಮಾವ ಏನು ಮಾಡಿದರು? ಮ್ಯಾಕ್ರಮೇ ಕ್ಲಾಸಿಗೆ ಸೇರಿದರು!

ಅವರ ಕಾಲನಿಯ ಕ್ಲಬ್‌ಹೌಸಿನಲ್ಲಿ ಯಾವುದೋ ಸಂಸ್ಥೆಯವರು ನಾಗರಿಕರಿಗೆ ಸಮಕಾಲೀನ ಕರಕುಶಲ ಕಲೆ ಕಲಿಸುವ ಕಾರ್ಯಕ್ರಮ ಶುರುಮಾಡಿದ್ದರು. ಕುರ್ಚಿಗಳು ಖಾಲಿ ಉಳಿದಿದ್ದರಿಂದ ಸೊಸೈಟಿಯ ಸೆಕ್ರೆಟರಿ ಮಾವನನ್ನು ಎಳೆದುಕೊಂಡು ಹೋಗಿ ಕೂರಿಸಿದ. ಮ್ಯಾಕ್ರಮೇ ಎಂದರೆ ಏನು ಮಹಾ? ಹಗ್ಗಕ್ಕೆ ಗಂಟು ಹಾಕಿ ಕುಂಡ ತೂಗುಬಿಡುವ ವಿದ್ಯೆ. ನಮ್ಮಜ್ಜಿ ಅದನ್ನು ನೆಲುವು ಎಂದು ಕರೆದು ಬೆಣ್ಣೆಯ ಗಡಿಗೆ ಇಡುತ್ತಿದ್ದಳು. ಅವಳಿಗೆ ಯಾರೂ ಸರ್ಟಿಫಿಕೇಟು ಕೊಡಲಿಲ್ಲ. ಮಾವ ಎರಡು ತಾಸು ಗಂಟು ಹಾಕಿದರು. ಏಳಲು ನೋಡುತ್ತಾರೆ, ಕುರ್ಚಿಯೂ ಜೊತೆಗೆ ಎದ್ದಿತು! ಕೊನೆಗೆ ಕ್ಲಬ್‌ಹೌಸಿನ ಕುರ್ಚಿಯ ಸಮೇತ ಲಿಫ್ಟು ಹತ್ತಿ ಮನೆಗೆ ಬಂದರು.

"ಇದೇನ್ರೀ, ಜನಿವಾರ ಹಾಕಿ ಕುರ್ಚಿಗೆ ಮುಂಜಿವಿ ಮಾಡಿರೇನು?" ಎಂದರಂತೆ ಅತ್ತೆ. ಮುಂದಿನ ಭಾನುವಾರ ನಾನು ಹೋದಾಗ ಕುರ್ಚಿ ಇನ್ನೂ ಮಂಚದ ಪಕ್ಕದಲ್ಲೇ ಇತ್ತು. ಅರ್ಧ ಗಂಟುಗಳು ಬಿಚ್ಚಿದ್ದವು. ಮಾವ ಮಾತ್ರ ಆಗಲೇ ಮುಂದಿನ ಕ್ಲಾಸಿಗೆ ಹೋಗಿದ್ದರು.

ಅಲ್ಲಿಂದ ಹಿಡಿಯಿತು ನೋಡಿ ಹುಚ್ಚು! ಬಾಂದ್ರಾದ ಒಂದು ಸ್ಟುಡಿಯೋದಲ್ಲಿ ಕುಂಬಾರಿಕೆ. ಅಲ್ಲಿ ಕಲಿಸುವ ಹುಡುಗಿ ಮಣ್ಣನ್ನು ಮುಟ್ಟುವ ಮೊದಲು ಕಣ್ಣುಮುಚ್ಚಿ ಅದಕ್ಕೆ ಥ್ಯಾಂಕ್ಸ್ ಹೇಳಿಸುತ್ತಿದ್ದಳು. "ಅಂಕಲ್, ಫೋರ್ಸ್ ಮತ್ ಕರೋ. ತಾನು ಏನಾಗಬೇಕು ಅಂತ ಮಣ್ಣೇ ಹೇಳುತ್ತೆ," ಎಂದಳಂತೆ. ಮಾವ ಮನೆಗೆ ತಂದ ವಸ್ತುವನ್ನು ನಾನು ಸುತ್ತಲೂ ತಿರುಗಿಸಿ ನೋಡಿ, ಇದೇನು ಎಂದು ಕೇಳಿದೆ.

"ಮಣ್ಣಿಗೆ ಕೇಳಿದೆ, ತಮ್ಮಾ. ನನಗ ಏನೂ ಆಗೂದ ಬ್ಯಾಡ ಅಂತು," ಎಂದರು.

ಆಮೇಲೆ ರೆಸಿನ್. ಗಾಜಿನಂತೆ ಗಟ್ಟಿಯಾಗುವ ಒಂದು ಅಂಟಿನಲ್ಲಿ ಒಣಗಿದ ಹೂವು ಹುದುಗಿಸಬೇಕಂತೆ. ಎಲ್ಲರೂ ಹೂವು ಹುದುಗಿಸಿದರು, ಮಾವ ಮನೆಯ ಕೀಲಿಕೈ ಹುದುಗಿಸಿದರು. ಕೀಲಿಕೈ ಕಾಣುತ್ತದೆ, ಹೊಳೆಯುತ್ತದೆ, ಕೈಗೆ ಮಾತ್ರ ಸಿಗುವುದಿಲ್ಲ! ಮೋಕ್ಷದ ಬಗ್ಗೆ ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು? ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡು ಚಾಕುವಿನ ತುದಿಯಿಂದ ಕೆರೆಯುತ್ತ, ಕೆರೆದಷ್ಟೂ ಹೊತ್ತು ಗಂಡನಿಗೆ ಬೈಯುತ್ತ ಕೂತಿದ್ದರು.

ನನಗೆ ಮಾತ್ರ ಸಿಟ್ಟು ನೆತ್ತಿಗೇರಿದ್ದು ಹನ್ನೊಂದನೆಯ ಕ್ಲಾಸಿಗೆ. ಮತ್ತೆ ಬಾಂದ್ರಾ. ವಿಷಯ: ಸಮಕಾಲೀನ ಕೌದಿ! ಮನೆಯಲ್ಲಿ ಕೌದಿಯ ಗುರು ಕೈ ಸೋತು ಕೂತಿರುವಾಗ, ಅರ್ಧ ಹೊಲಿದ ಕೌದಿ ಟ್ರಂಕಿನಲ್ಲಿ ಹಾಗೇ ಇರುವಾಗ, ಈ ಮನುಷ್ಯ ಅದನ್ನು ಬೇರೆಯವರ ಬಳಿ ಕಲಿಯಲು ಹೊರಟರು.

"ಮಾಮಾ, ಅತ್ತಿ ಮನಸ್ಸಿಗೆ ಎಷ್ಟ ನೋವಾಗಬ್ಯಾಡ? ನಿಮಗ ಏನರ ಅನಸ್ತದೋ ಇಲ್ಲೋ?" ಎಂದು ಕೇಳಿಯೇಬಿಟ್ಟೆ.

"ಅನಸ್ತದ. ಅದಕ್ಕ ಹೊಂಟೇನಿ," ಎಂದು ಚೀಲ ಹೆಗಲಿಗೇರಿಸಿದರು. ಉತ್ತರವೇ ಇದು?

ಆ ಕ್ಲಾಸಿನಲ್ಲಿ ಮೊದಲ ಪಾಠವೇ, ಈವರೆಗೆ ಕಲಿತಿದ್ದನ್ನೆಲ್ಲ ಮರೆಯಬೇಕು ಎಂಬುದು. ಮಾವನಿಗೆ ಮರೆಯಲು ಏನೂ ಇರಲಿಲ್ಲವಾದ್ದರಿಂದ ಮೊದಲ ದಿನವೇ ಫಸ್ಟ್ ಬಂದರು. ಅವರ ಹೊಲಿಗೆ ಕುಡಿದು ಮನೆಗೆ ಹೊರಟವನ ಹಾದಿಯಂತಿತ್ತು. ಟೀಚರಮ್ಮ ಅದನ್ನು "ಪ್ರಾಮಾಣಿಕ ರೇಖೆ" ಎಂದು ಕರೆದರು. ಕೊನೆಯಲ್ಲಿ ವಿದ್ಯಾರ್ಥಿಗಳ ಪ್ರದರ್ಶನ. ಬಿಳಿ ಗೋಡೆ, ಬಿಳಿ ದೀಪ. ನಡುವೆ ನಮ್ಮ ಮಾವನ ಹಳೆಯ ಲುಂಗಿ, ಅತ್ತೆಯ ಹಳೆಯ ಇಳಕಲ್ ಸೀರೆ ಎಲ್ಲ ಸೇರಿ ಕೌದಿಯಾಗಿ ಗೋಡೆಗೇರಿದ್ದವು.

ಭಾನುವಾರ ಬೆಳಿಗ್ಗೆ ನಾನೂ ಹೋದೆ. ಮಾವನ ಕೌದಿಯ ಮುಂದೆ ದೊಡ್ಡ ಗುಂಪು! ಹತ್ತಿರ ಹೋಗಿ ನೋಡಿದರೆ, ಗೋಡೆಯ ಮೂಲೆಯಿಂದ ಹೊರಟ ಕೆಂಪಿರುವೆಗಳ ಸಾಲು ಶಿಸ್ತಿನಿಂದ ಕೌದಿಯ ಕೆಳಗಿನ ಮೂಲೆಗೆ ನುಗ್ಗುತ್ತಿತ್ತು. ದಪ್ಪ ಕನ್ನಡಕದ ಗೃಹಸ್ಥರೊಬ್ಬರು, "ಇದು ಈ ಶಹರಕ್ಕೆ ವಲಸೆ ಬಂದವರ ಸಾಲು. ಎಂಥ ಲಿವಿಂಗ್ ವರ್ಕ್!" ಎಂದು ವಿವರಿಸುತ್ತಿದ್ದರು. ಮಾವ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಟೀಚರಮ್ಮ ಬಂದು ಏಲಕ್ಕಿಯ ವಾಸನೆಗೆ ಮೂಗು ಅರಳಿಸಿದರು.

"ಅಂಕಲ್, ಯೆ ಇಲಾಯಚಿ ಕಿ ಸ್ಮೆಲ್ ಕಹಾಂ ಸೆ?"

"ಒಳಗ ಹೋಳಿಗಿ ಅದ," ಎಂದ ಮಾವ, ಆಕೆಗೆ ಅರ್ಥವಾಗದಿದ್ದಾಗ, "ಪೂರಣ್ ಪೋಳಿ. ಏಕ್. ಘೀ ಲಗಾಕೇ," ಎಂದು ವಿವರಿಸಿದರು.

ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ. ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೆ ಒಣಗಿದ ರೊಟ್ಟಿಯ ಚೂರೊಂದನ್ನು, ಉಗುರಿನಷ್ಟು, ಇಟ್ಟು ಹೊಲಿಯುತ್ತಾರೆ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಎಂದು ನಂಬಿಕೆ. ಉಗುರಿನಷ್ಟು! ನಮ್ಮ ಮಾವ ಇಡೀ ಹೋಳಿಗೆಯನ್ನು ಮಡಚಿ ತುರುಕಿದ್ದರು. ಐದು ನಿಮಿಷದಲ್ಲಿ ಲಿವಿಂಗ್ ವರ್ಕು ಗೋಡೆಯಿಂದಿಳಿದು ಪ್ಲಾಸ್ಟಿಕ್ ಚೀಲ ಸೇರಿತು. ಕನ್ನಡಕದ ಗೃಹಸ್ಥರು ಪ್ಯಾಂಟು ಝಾಡಿಸುತ್ತ ಪಕ್ಕದ ಚಿತ್ರಕ್ಕೆ ಸರಿದರು.

ಲೋಕಲ್‌ನಲ್ಲಿ ಮೂವರ ಬೆಂಚಿನ ತುದಿಯ ನಾಲ್ಕನೇ ಸೀಟಿಗಾಗಿ ಜನ ತಲೆ ಒಡೆದುಕೊಳ್ಳುವ ಊರಿದು. ಅಂದು ಬಾಂದ್ರಾದಿಂದ ಗೋರೆಗಾಂವ್‌ವರೆಗೆ ಇಡೀ ಬೆಂಚು ನಮ್ಮಿಬ್ಬರದೇ. ಕೂತವರೆಲ್ಲ ಒಂದು ನಿಮಿಷಕ್ಕೆ ಹೌಹಾರಿ ಏಳುತ್ತಿದ್ದರು!

ಮನೆಯಲ್ಲಿ ಮಾವ ಚೀಲವನ್ನು ನೇರ ಅತ್ತೆಯ ಮಂಚದ ಮೇಲೇ ಸುರುವಿದರು. ಅತ್ತೆ ಆ ಉಬ್ಬಿದ ಮೂಲೆ ಮುಟ್ಟಿ, ಮೂಸಿ ನೋಡಿದರು. ಮುಖ ಕೆಂಪಾಯಿತು.

"ಇಡೀ ಹೋಳಿಗಿ? ಅದೂ ಅಂಗಡೀದು? ಇಷ್ಟ ವರ್ಷ ನನ್ನ ಎದುರಿಗೆ ಕೂತು ಏನ ನೋಡಿದ್ರಿ ನೀವು? ಹೊಲಿಗಿ ನೋಡ್ರಿ, ದೆವ್ವ ಕುಣಧಂಗ! ಕತ್ರಿ ತಾ ತಮ್ಮಾ. ಸೂಜಿನೂ ತಾ!"

ತಂದುಕೊಟ್ಟೆ. ಅತ್ತೆ ಹೊಲಿಗೆ ಹರಿದು, ಹೋಳಿಗೆ ತೆಗೆದೆಸೆದು, ಇರುವೆ ಝಾಡಿಸಿದರು. ಅರಿವೆಯನ್ನು ಎಡಗೈಯಲ್ಲಿ ಹಿಡಿದು, ಸೂಜಿಯನ್ನು ಬಲಗೈಗೆ ತೆಗೆದುಕೊಂಡರು. ಜಾರಿತು. ಬೈದರು. ಮತ್ತೆ ಜಾರಿತು. ಇನ್ನೂ ಜೋರಾಗಿ ಬೈದರು. ಮೂರನೆಯ ಸಲ ಹೆಬ್ಬೆರಳು ತೋರುಬೆರಳಿನ ನಡುವೆ ಸೂಜಿ ನಡುಗುತ್ತ ನಿಂತಿತು.

ನಾನು ಮಾವನನ್ನು ಬಾಗಿಲ ಹೊರಗೆ ಎಳೆದೆ. "ಮಾಮಾ, ಖರೇ ಹೇಳ್ರಿ. ಎಷ್ಟು ಇಡಬೇಕಂತ ನಿಮಗ ಗೊತ್ತಿರಲಿಲ್ಲೇನು?"

ಅವರು ತಲೆ ತಗ್ಗಿಸಿದರು. "ಗೊತ್ತಿತ್ತೋ. ಮೊದಲನೇ ಸಲದ ಆ ಕುರ್ಚಿ ಹಗ್ಗದ ಗಂಟು ಮಾತ್ರ ನನಗ ಖರೇನ ಬಿಚ್ಚಲಿಲ್ಲ. ಅವತ್ತ ಅಕಿ ನನಗ ಬೈಕೋತ ಬೈಕೋತ ಬಲಗೈ ಹಾಕಿದ್ಲು. ಚಂಡ ಹಿಚುಕ ಅಂದ್ರ ಅಳತಾಳ. ನಾ ತಪ್ಪ ಮಾಡಿದ್ರ ಮಾತ್ರ ಆ ಕೈ ಸುಮ್ನ ಕೂಡಂಗಿಲ್ಲ. ಮರುದಿನಾನ ಮತ್ತೊಂದ ಕ್ಲಾಸಿಗೆ ಹೆಸರ ಹಚ್ಚಿದೆ."

ನನಗೆ ನಾಚಿಕೆಯಾಯಿತು. ಇಷ್ಟು ತಿಂಗಳು ಈ ಮನುಷ್ಯನನ್ನು ಮನಸ್ಸಿನಲ್ಲಿ ಎಷ್ಟೊಂದು ಬೈದಿದ್ದೆ! ಅವರ ಅಂಗಿಯ ಸೇಫ್ಟಿ ಪಿನ್ನನ್ನೇ ನೋಡುತ್ತ ನಿಂತೆ.

ಒಳಗಿನಿಂದ ಅತ್ತೆ ಕೂಗಿದರು. ನಾಲ್ಕು ಹೊಲಿಗೆ ಹಾಕಿ ಬೆವರಿದ್ದರು. ಮಾವ ಹೋಗಿ ಆ ಮೂಲೆಯನ್ನು ಕಣ್ಣಿನ ಹತ್ತಿರ, ಬಹಳ ಹತ್ತಿರ ಹಿಡಿದುಕೊಂಡರು. ಮುಖ ಅರಿವೆಯ ಮರೆಯಲ್ಲಿತ್ತು.

"ಸೊಟ್ಟ ಆಗೇದ," ಎಂದರು ಕೊನೆಗೆ.

"ಸೊಟ್ಟ? ನಾ ಹೊಲದದ್ದು ಸೊಟ್ಟ?" ಅತ್ತೆ ಬಲಗೈಯನ್ನೇ ಮುಂದೆ ಚಾಚಿದರು. "ಕೊಡ್ರಿ ಇಲ್ಲೆ!"