ಆರಾಮಿಲ್ಲದ ಕಂಪ್ಯೂಟರು

ಪಕ್ಕೀರವ್ವ: ಕುಬಸದ ಬಲತೋಳಿಗೆ ನವಿಲು ಕುಂತೈತಿ, ಎಡತೋಳು ಬೋಳು. ನಾಳೆ ನಿಶ್ಚಿತಾರ್ಥದಾಗ ಮೊಮ್ಮಗಳನ್ನ ಗ್ವಾಡಿಗೆ ಎಡಗೈ ಒತ್ತಿ ಕುಂದ್ರಸಲೇನು?

ನಾಹೀದಾ: ನಾ ಏನ್ ಮಾಡ್ಲಿರಿ ಅಮ್ಮಾ? ನವಿಲು ಕಂಪ್ಯೂಟರಿನಾಗ ಐತಿ, ಹೊರಗ ಬರವಲ್ದು.

ಗಂಗಾವತಿಯ ನಾಹೀದಾಳ ಕಸೂತಿ ಅಂಗಡಿಗೆ ಪಕ್ಕೀರವ್ವ ಬೆಳಿಗ್ಗೆಯಿಂದ ಬಂದದ್ದು ಇದು ಮೂರನೆಯ ಸಲ. ಸೋಮವಾರ ಹಳೆಯ ಕಂಪ್ಯೂಟರು ಸುಟ್ಟುಹೋಗಿತ್ತು. ರಿಪೇರಿಯ ನೂರಸಾಬ ಅದರ ಹಾರ್ಡ್ ಡಿಸ್ಕ್ ಬಿಚ್ಚಿ ಹೊಸ ಕಂಪ್ಯೂಟರಿಗೆ ಕೂಡಿಸಿ, ಒಂದು ನವಿಲೂ ಹಾರಿಹೋಗಿಲ್ಲ ಎಂದು ಭರವಸೆ ಕೊಟ್ಟು ಹೋಗಿದ್ದ. ಅದು ಖರೆಯೇ. ಆದರೆ ನವಿಲನ್ನು ಹೊಲಿಗೆ ಮಷಿನ್ನಿಗೆ ಕಳಿಸುವ ಕಸೂತಿಯ ಸಾಫ್ಟ್‌ವೇರು, ನನ್ನ ಲೈಸೆನ್ಸು ಹಳೆಯ ಕಂಪ್ಯೂಟರಿನ ಹೆಸರಿಗಿದೆ, ಇದು ಯಾರೋ ನಾನರಿಯೆ ಎಂದು ಕೆಂಪಕ್ಷರದಲ್ಲಿ ಹಟ ಹಿಡಿದು ಕೂತಿತ್ತು.

ಪಕ್ಕೀರವ್ವ: ಒಳಗಿನ ಸಾಮಾನೆಲ್ಲಾ ಅದೇ ಅಲ್ಲೇನು? ಮನಿ ಬದಲಿ ಮಾಡಿದ್ರ ಮಂದಿ ಬದಲಿ ಆಗ್ತಾರೇನು?

ನಾಹೀದಾ: ಗ್ಯಾಸ್ ಕನೆಕ್ಷನ್ ಇದ್ದಂಗ್ರಿ. ಹಳೇ ಊರಾಗ ಬಿಡಿಸಿಕೊಂಡು ಬರಬೇಕು. ಹಳೇ ಕಂಪ್ಯೂಟರ್ ಚಾಲೂ ಮಾಡಿ, ಅದರಾಗಿಂದ ಲೈಸೆನ್ಸ್ ಬಿಡಸ್ರಿ ಅಂತಾರ ಕಂಪ್ನಿಯವರು.

ಪಕ್ಕೀರವ್ವ: ಸುಟ್ಟದ್ದು ಹೆಂಗ ಚಾಲೂ ಆಗತೈತಿ? ಸುಟ್ಟೈತಿ ಅಂತ ಹೇಳೀದಿಲ್ಲೋ?

ನಾಹೀದಾ ಸೂಜಿದಾರ ಹುಡುಕತೊಡಗಿದಳು. ಕಂಪನಿಗೆ ಮೂರು ಸಲ ಫೋನ್ ಮಾಡಿ, ಮೂರು ಸಲವೂ ಅದಕ್ಕೆ ಸ್ವಲ್ಪ ಆರಾಮಿಲ್ಲ ಎಂದಷ್ಟೇ ಹೇಳಿದ್ದಳು. ಸುಟ್ಟಿದೆ ಎಂದರೆ ಲೈಸೆನ್ಸೂ ಅದರ ಜೊತೆಗೇ ಹೋಯಿತು, ಹೊಸದು ಕೊಳ್ಳಿರಿ ಎಂದಾರೆಂಬ ಅಂಜಿಕೆ.

ಪಕ್ಕೀರವ್ವ ಕಂಪನಿಗೆ ಮತ್ತೆ ಫೋನು ಹಚ್ಚಿಸಿ, ತಾನೇ ಇಸಿದುಕೊಂಡಳು. ಆ ಕಡೆಯ ಹುಡುಗಿ ಮತ್ತೆ, ಹಳೆಯದನ್ನು ಚಾಲೂ ಮಾಡಿ ಎಂದೇ ಶುರುಮಾಡಿದಳು. ಮುದುಕಿ ಕೊನೆಯತನಕ ಕೇಳಿಸಿಕೊಂಡಳು.

ಪಕ್ಕೀರವ್ವ: ತಂಗಿ, ಅದು ತೀರಿಕೊಂಡು ಮೂರು ದಿನಾ ಆತು. ಸೋಮವಾರ ಮಧ್ಯಾಹ್ನ, ನನ್ನ ಕಣ್ಣೆದುರಿಗೇ. ನವಿಲಿನ ಬಾಲ ಮುಗಿಯೂದಕ್ಕೂ ಹೊಗಿ ಬರೂದಕ್ಕೂ ಸಮಾ ಆತು. ಈಗ ಅದರ ಕೈಲೆ ಬಿಡಸ್ರಿ ಅಂದ್ರ, ನಾ ಎಲ್ಲಿಗೆ ಹೋಗಿ ಬಿಡಸ್ಲಿ?

ಆ ಕಡೆಯ ಹುಡುಗಿ ಮೆತ್ತಗೆ, ಹಾಗಿದ್ದರೆ ಅದಕ್ಕೆ ಬೇರೆಯೇ ಅರ್ಜಿ ಇದೆ ಎಂದಳು. ಕಂಪ್ಯೂಟರು ಕೆಟ್ಟುಹೋದ ದಿನ, ಅದರ ಕಾರಣ, ರಿಪೇರಿಯವನ ಸಹಿ. ಅರ್ಜಿ ತುಂಬಿ ಅದರ ಫೋಟೋ ತೆಗೆದು ಕಳಿಸಿದರೆ ಸಾಕು, ಹೊಸದು ಕೊಳ್ಳಬೇಕಿಲ್ಲ. ನೂರಸಾಬ ಓಡಿಬಂದು ಸಹಿ ಹಾಕಿದ. ಮೂವರೂ ಚಹಾ ಕುಡಿದು ಮುಗಿಸುವಷ್ಟರಲ್ಲಿ ಕೆಂಪಕ್ಷರ ಮಾಯವಾಗಿ, ಮಷಿನ್ನು ಎಡತೋಳಿನ ಮೇಲೆ ಟಕಟಕ ಎನ್ನತೊಡಗಿತು.

ನಾಹೀದಾ: ಆರಾಮಿಲ್ಲ ಅಂದಾಗ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ತೀರಿಕೊಂಡೈತಿ ಅಂದ್ರ ಕೆಲಸ ಆಗತೈತಿ ಅಂತ ನಿಮಗ ಹೆಂಗ ಗೊತ್ತಾತ್ರಿ?

ಪಕ್ಕೀರವ್ವ: ನಮ್ಮ ಮನಿಯವರು ಪೆನ್ಷನ್ನಿಗೆ ಏಳು ವರ್ಸ ಓಡ್ಯಾಡಿದ್ರು, ಆ ಟೇಬಲ್ಲು, ಈ ಟೇಬಲ್ಲು ಅಂತ. ಅವರು ತೀರಿಕೊಂಡ್ರು ಅಂತ ನಾ ಬರಸಿ ಕೊಟ್ಟೆ ನೋಡವ್ವ, ಎಂಟು ದಿನದಾಗ ಮಂಜೂರಾತು.