ನಲವತ್ತನೆಯ ಒಲಿ

ಹಾಜಿ ಸಾಹೇಬರು ಆವತ್ತು ಮುಂಜಾನೆ ರಾಜೇಸಾಬನನ್ನೇ ಕರೆದದ್ದು ತಪ್ಪಾಯಿತು. ಬೈಲಹೊಂಗಲದ ಅವರ ಹತ್ತಿ ಜಿನ್ನಿನಲ್ಲಿ ತೂಕದ ಕಾಟಾ ನೋಡುವ ರಾಜೇಸಾಬ ಇಪ್ಪತ್ತೆರಡು ವರ್ಷದಲ್ಲಿ ಒಂದು ತೊಲಿ ಹೆಚ್ಚುಕಮ್ಮಿ ತೂಗಿದವನಲ್ಲ. ಇಂಥವನಿಗೆ ಎಣಿಸುವ ಕೆಲಸ ಕೊಟ್ಟರೆ ಅವನು ಎಣಿಸಿಯೇ ಬಿಡುತ್ತಾನಲ್ಲ, ಅದೇ ತ್ರಾಸು.

"ಕಂಪನಿ ಲಾಭದಾಗ ಒಂದಿಷ್ಟು ಮಂದಿಗೆ ಕೊಡಬೇಕಂತ ಸರಕಾರದ ಕಾನೂನ ಐತಿ. ಸಿಎಸ್‌ಆರ್ ಅಂತಾರ," ಎಂದರು ಹಾಜಿ. "ನಮ್ಮ ಆಫೀಸಿನ ಲೆಕ್ಕ ನೋಡೂ ನಾಗರತ್ನಾಬಾಯಾರು ಬಸ್‌ಸ್ಟ್ಯಾಂಡಿಗೆ ಕಂಪನಿ ಹೆಸರಿನ ಕಮಾನು ಕಟ್ಟಸೂಣು ಅಂತಾರ. ಕಾನೂನು ನಿನ್ನಿ ಮೊನ್ನಿ ಬಂತಪಾ, ನಮ್ಮ ದೀನ-ಧರ್ಮದಾಗ ಇದು ಮೊದಲಿಂದ ಐತಿ. ಬಾಜೂದಾಂವ ಹಸದ ಮಲಗಿದ್ರ ನಾ ಹೊಟ್ಟಿ ತುಂಬ ಉಂಡು ಎಂಥಾ ಮುಸಲ್ಮಾನ? ನಾಲ್ವತ್ತ ಮನಿ ತನಕ ನೆರಿಹೊರಿ ಅಂತ ಹಿರ್ಯಾರು ಹೇಳ್ಯಾರ. ಗೇಟಿನಿಂದ ಓಣಿ ಹಿಡದು ನಾಲ್ವತ್ತರ ತನಕ ಎಣಸ್ಕೋತ ಹೋಗು. ಜಾತಿ ಕೇಳಬ್ಯಾಡ. ಮನಿಗೊಂದು ಬೇಡಿಕಿ ಬರಕೊಂಡ ಬಾ. ಫೋಟೊ ಬ್ಯಾಡ, ಬೋರ್ಡ ಬ್ಯಾಡ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು."

ರಾಜೇಸಾಬ ಗೇಟಿನಲ್ಲಿ ನಿಂತೇ ಮನಸ್ಸಿನಲ್ಲಿ ಓಣಿಯ ಬಾಗಿಲುಗಳನ್ನು ಎಣಿಸಿದ. ತನ್ನ ಮನೆ ಇಪ್ಪತ್ತೇಳನೆಯದು. ಯಾ ಅಲ್ಲಾ! ಹೆಂಡತಿ ಮಾಬೂಬಿಯ ಕಿವಿ ಮಷೀನು ಬಂದೇ ಬಿಟ್ಟಿತು!

ಎರಡು ವರ್ಷದ ಹಿಂದೆ ಒಂದು ಹಾಳು ಜ್ವರ ಬಂದು ಮಾಬೂಬಿಯ ಎರಡೂ ಕಿವಿ ಒಯ್ದಿತ್ತು. ಮಷೀನು ಹಾಕಿದರೆ ಕೇಳಿಸುತ್ತದೆ ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದರು. ಅದನ್ನು ಕೊಳ್ಳುವ ತಾಕತ್ತು ಕಾಟಾದವನಿಗೆಲ್ಲಿ? ಮೊದಲು ಅವಳು ಬೈಯಲು ನಿಂತರೆ ಕಿತ್ತೂರಿಗೆ ಕೇಳಬೇಕು. ತನ್ನ ದನಿ ತನಗೇ ಕೇಳದಾದ ಮೇಲೆ ಮಾತೇ ಬಿಟ್ಟಳು. ಬೈಗುಳ ಉಂಡು ಬೆಳೆದ ಸಂಸಾರ, ಈಗ ಎರಡು ವರ್ಷದಿಂದ ಉಪವಾಸ.

ಆರು ಮನೆ ಸುಸೂತ್ರ ಮುಗಿದವು. ಏಳನೆಯದು ಲಕ್ಕಪ್ಪ, ಬಸವಲಿಂಗ ಅಣ್ಣತಮ್ಮಂದಿರದು. ಲಕ್ಕಪ್ಪ ಹೊಲಿಗೆ ಮಷೀನು ಬರೆಸಿದ. ಹಿಂದೆಯೇ ಬಸವಲಿಂಗ, "ನನಗೊಂದ ಸೈಕಲ್ ಬರಿ," ಎಂದ.

"ಮನಿಗೊಂದ ಅಂತಪಾ."

"ನಂದು ಬ್ಯಾರೆ ಮನಿ! ಅಣ್ಣನ ಕೂಡ ನಂದೇನ ಸಂಬಂಧ?"

ನಿನ್ನೆಯವರೆಗೆ ಒಂದೇ ತಾಟಿನಲ್ಲಿ ಉಂಡವರು! ರಾಜೇಸಾಬ ಬಾಗಿಲು ತೋರಿಸಿ, "ಬಾಗಲ ಒಂದ ಐತಲ್ಲೋ," ಎಂದ. ಅಷ್ಟರಲ್ಲಿ ಎದುರುಮನೆಯ ನಿಜಗುಣಪ್ಪ ಮಾಸ್ತರರು ಧೋತರ ಎತ್ತಿಕೊಂಡು ಬಂದರು. ಸಾಲಿಯಿಂದ ನಿವೃತ್ತರಾದರೂ ತಿದ್ದುವ ಚಟದಿಂದ ಅವರು ನಿವೃತ್ತರಾಗಿರಲಿಲ್ಲ.

"ಮನಿ ಅಂದ್ರ ಬಾಗಲಾ ಅಲ್ಲೋ ಹುಚ್ಚಪ್ಪಾ, ಮನಿ ಅಂದ್ರ ಒಲಿ! ಒಲಿ ಬ್ಯಾರೆ ಆತಂದ್ರ ಮನಿ ಬ್ಯಾರೆ. ಬೇಕಾರ ನಿಮ್ಮ ಹಾಜಿಗೆ ಕೇಳು."

ರಾಜೇಸಾಬ ಫೋನ್ ಹಚ್ಚಿ ಕೇಳಿದ. ಹಾಜಿ ಸಾಹೇಬರದು ಹೂವಿನಂಥ ಮನಸ್ಸು. "ಒಲಿ ಬ್ಯಾರೆ ಅಂದ್ರ ಹಸಿವು ಬ್ಯಾರೆ. ಒಲಿನ ಎಣಸು. ಮಂದಿ ಮಾತು ನಂಬು," ಅಂದುಬಿಟ್ಟರು.

ಮುಗೀತು. ಮಧ್ಯಾಹ್ನದೊಳಗೆ ಓಣಿಯ ಒಲಿಗಳೆಲ್ಲ ಮರಿ ಹಾಕಿದವು. ಪಡಸಾಲೆಯಲ್ಲೊಂದು, ದನದ ಕೊಟ್ಟಿಗೆಯಲ್ಲೊಂದು, ತುಳಸಿಕಟ್ಟೆಯ ಹಿಂದೊಂದು, ಮೂರು ಕಲ್ಲು ಇಟ್ಟರೆ ಒಂದು ಮನೆ. ಸಿದ್ದಲಿಂಗವ್ವ ಸೊಸೆಯನ್ನು ಅಂಗಳಕ್ಕೆ ತಳ್ಳಿ, "ಇಕಿ ಬ್ಯಾರೆ ಆದ್ಳು, ಬರಕೋ," ಎಂದಳು. ಸೊಸೆ ಖಾಲಿ ಬೋಗುಣಿ ಇಟ್ಟು ಬುಸುಬುಸು ಊದುತ್ತಿದ್ದಳು. ಹೊಗೆಗೆ ಬಂದದ್ದೋ ಮಾತಿಗೆ ಬಂದದ್ದೋ, ಕಣ್ಣಲ್ಲಿ ನೀರಂತೂ ಇತ್ತು. ಸುಳ್ಳಿಗೆಂದು ಶುರುವಾದದ್ದು ಖರೇ ಆಗಲು ಎಷ್ಟು ಹೊತ್ತು ಬೇಕು? ಲಕ್ಕಪ್ಪನೂ ಬಸವಲಿಂಗನೂ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಅಳತೆಯ ಹಗ್ಗ ಹಿಡಿದು ಜಗಳಾಡುತ್ತಿದ್ದರು. ಅವರ ಮುದುಕಿ ತಾಯಿ ಎರಡು ಒಲಿಗಳ ನಡುವೆ ಕುಂತಿದ್ದಳು. ಉಣ್ಣು ಬಾ ಎಂದು ಈ ಕಡೆಯವರೂ ಕರೆಯಲಿಲ್ಲ, ಆ ಕಡೆಯವರೂ ಕರೆಯಲಿಲ್ಲ. ರಾಜೇಸಾಬನಿಗೆ ಪಟ್ಟಿ ಹರಿದು ಒಗೆಯಬೇಕೆನಿಸಿತು. ಆದರೆ ಇಪ್ಪತ್ತೇಳನೆಯ ಬಾಗಿಲು ಕಣ್ಣ ಮುಂದಿತ್ತು.

ಇಪ್ಪತ್ತೈದು ಬಾಗಿಲಿಗೇ ಮೂವತ್ತೊಂಬತ್ತು ಒಲಿ ಆದವು. ಇಪ್ಪತ್ತಾರನೆಯದು ಅವನ ಗ್ವಾಡಿಗೆ ಹೊಂದಿಕೊಂಡ ರಾಯವ್ವನ ಮನೆ. ಒಂಟಿ ಮುದುಕಿ. ಅವಳದು ನಲವತ್ತು. ತನ್ನದು ನಲವತ್ತೊಂದು. ರಾಜೇಸಾಬ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕುಂತ.

"ನನಗ ಮ್ಯಾಲ ನಾಕ ತಗಡ ಬರಿಯಪಾ, ಸೋರತೈತಿ," ಎಂದ ರಾಯವ್ವ ಅವನ ಮಾರಿ ನೋಡಿದಳು. "ನನ್ನ ಮುಂದ ಎಷ್ಟ ಉಳದಾವ?"

"ನೀನ ಕಡೀದು."

"ಮತ್ತ ಮಾಬೂಬಿ ಕಿವಿ?"

ರಾಜೇಸಾಬ ಪೆನ್ನಿನ ಟೊಪ್ಪಿಗೆ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದ. ರಾಯವ್ವ ಎದ್ದವಳೇ ಒಂದು ತಂಬಿಗೆ ನೀರು ತಂದು ತನ್ನ ಒಲಿಗೆ ಸುರುವಿದಳು. ಚುರ್ ಎಂದಿತು.

"ಬರಿ ಈಗ. ನಾನೂ ನೀವೂ ಒಂದ ಒಲಿ. ಬೇಡಿಕಿ, ಕಿವಿ ಮಷೀನ."

"ಸುಳ್ಳಾಗತೈತಿ, ರಾಯವ್ವಾ."

"ಯಾಕ ಸುಳ್ಳ? ಇವತ್ತಿಂದ ಖರೇನ ನಿಮ್ಮನ್ಯಾಗ ಉಣತೇನಿ. ನೀವು ಮಾಂಸ ಮಾಡಿದ ದಿನ ನನಗೊಂದಿಷ್ಟ ಮೊಸರ ಕೊಟ್ಟಬಿಡ್ರಿ. ಓಣೆಲ್ಲಾ ಒಡದು ಹೆಚ್ಚಾತು, ನಾವರ ಕೂಡಿ ಕಡಿಮಿ ಆಗೂಣೇಳು."

ಅಷ್ಟು ಹೇಳಿ ತನ್ನ ತಾಟು, ಚರಿಗೆ ಹಿಡಿದುಕೊಂಡು ಅವನ ಮನೆಗೆ ನಡೆದೇ ಬಿಟ್ಟಳು. ರಾಜೇಸಾಬ ಕಣ್ಣೊರೆಸಿಕೊಂಡು ಬರೆದ.

ಹೊತ್ತು ಮುಳುಗುವಾಗ ಆಫೀಸಿನಲ್ಲಿ ನಾಗರತ್ನಾಬಾಯಿ ಪಟ್ಟಿಗೆ ಒಂದೊಂದೇ ಗುರುತು ಹಾಕುತ್ತ ಬಂದು ಕೊನೆಯ ಸಾಲಿಗೆ ನಿಂತರು.

"ರಾಜೇಸಾಬ, ಇದು ನಿಮ್ಮ ಮನಿ ಅಲ್ಲೇನ್ರಿ? ಇದು ನಡಿಯೂದಿಲ್ಲ. ಕಂಪನಿ ನೌಕರರಿಗೆ ಈ ರೊಕ್ಕದಾಗ ಏನೂ ಕೊಡಂಗಿಲ್ಲ ಅಂತ ಕಾನೂನೈತಿ."

"ಬಾಗಲಾ ಎಣಿಸಿದ್ರ ನಂದು ಇಪ್ಪತ್ತೇಳರಿ ಬಾಯಾರ..."

"ಮೊದಲ್ನೇದಿದ್ರೂ ಇಲ್ಲ." ಅವನ ಮಾರಿ ನೋಡಿ ಅವರು ಪೆನ್ನು ಕೆಳಗಿಟ್ಟರು. "ಹಾಜಿ ಸಾಹೇಬ್ರಿಗೆ ಒಂದ ಮಾತ ಹೇಳತೇನಿ. ತಮ್ಮ ದೀನದಾಗ ದುಡಿಯಾವ್ರ ಹಕ್ಕ ಮೊದಲು ಅಂತಿರತಾರ. ಸ್ವಂತದ್ದು ಕೊಟ್ಟಾರು."

"ಬ್ಯಾಡ್ರಿ, ನಾನ ಕೇಳತೇನಿ," ಎಂದ ರಾಜೇಸಾಬ. ತನ್ನ ಹೆಸರು ಹೊಡೆದುಹಾಕಿಸಿ ನಲವತ್ತನೆಯ ಸಾಲಿನಲ್ಲಿ ರಾಯವ್ವ, ನಾಲ್ಕು ತಗಡು ಎಂದು ಬರೆಸಿದ.

ನಮಾಜು ಮುಗಿಸಿ ಬಂದ ಹಾಜಿ ಪಟ್ಟಿಯ ಮೇಲೆ ಕಣ್ಣಾಡಿಸಿದರು. "ನಿನ್ನ ಮನಿನೂ ಇದ ಓಣ್ಯಾಗ ಐತಲ್ಲೋ? ನಿನಗೇನೂ ಬ್ಯಾಡೇನ?"

ಇದಕ್ಕಿಂತ ಒಳ್ಳೆಯ ಗಳಿಗೆ ಇನ್ಯಾವುದು? ರಾಜೇಸಾಬ ಬಾಯಿ ತೆರೆದ. ಆದರೆ ಮಾಲಕರು ಏನು ಬೇಕೆಂದು ಕೇಳಿದರೆ ಇಪ್ಪತ್ತೆರಡು ವರ್ಷ ಏನು ಹೇಳುತ್ತ ಬಂದಿತ್ತೋ, ಆ ದರಿದ್ರ ನಾಲಿಗೆ ಅದನ್ನೇ ಹೇಳಿತು.

"ಅಲ್ಲಾನ ದಯಾ ಐತ್ರಿ. ಎಲ್ಲಾ ಐತಿ."

ಹಾಜಿಯ ಕಣ್ಣು ತುಂಬಿದವು. "ನೋಡ್ರಿ ಬಾಯಾರ, ಇದಕ್ಕ ಸಬರ್, ತಾಳ್ಮಿ ಅಂತಾರ! ಎಣಸಾಂವ ತನಗಂತ ಒಂದ ಸಾಲ ಬರಕೊಂಡಿಲ್ಲ. ಇಂಥಾವನ ಕೈಯಾಗ ಏನರ ಇಟ್ರ ಅವಮಾನ ಮಾಡಿದಂಗ." ಬೆನ್ನು ತಟ್ಟಿ ಹೊರಟೇ ಹೋದರು. ನಾಗರತ್ನಾಬಾಯಿ ಬಾಯಿ ತೆರೆದರು, ರಾಜೇಸಾಬ ಕೈ ಮುಗಿದು ಬ್ಯಾಡ ಎಂದ. ಅಷ್ಟು ಹೊಗಳಿಸಿಕೊಂಡ ಮೇಲೆ ಬೇಡಲು ಯಾವ ಬಾಯಿ ತರುವುದು?

ಮನೆಗೆ ಬಂದರೆ ಮಾಬೂಬಿ ಬಾಗಿಲಲ್ಲೇ ನಿಂತಿದ್ದಳು. ತಲೆ ಬಾಚಿ, ಕಿವಿಗಳನ್ನು ಸಬಕಾರ ಹಚ್ಚಿ ಕೆಂಪಗೆ ತಿಕ್ಕಿಕೊಂಡಿದ್ದಳು. ರಾಯವ್ವ ಕೈಸನ್ನೆಯಲ್ಲಿ ಎಲ್ಲ ತಿಳಿಸಿಬಿಟ್ಟಿದ್ದಳು. ಎರಡು ವರ್ಷದ ಮೇಲೆ ಮಾಬೂಬಿ ಬಾಯಿ ಬಿಟ್ಟಳು. ದನಿ ತುಕ್ಕು ಹಿಡಿದಿತ್ತು, ಓಣಿಗೆಲ್ಲ ಕೇಳುವಷ್ಟು ಜೋರಿತ್ತು.

"ಮಷೀನ ಬರತೈತೇನ?"

ಜೀವಮಾನದಲ್ಲಿ ಅವಳಿಗೆ ಸುಳ್ಳು ಹೇಳಿದವನಲ್ಲ. "ಬರೂದಿಲ್ಲ, ಮಾಬೂ," ಎಂದ.

ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. ಮೊದಲಿನ 'ಬರ' ಅಷ್ಟು ಸಿಕ್ಕಿತು. ಉಳಿದದ್ದನ್ನು ತಾನೇ ತುಂಬಿಕೊಂಡಳು.

"ಬರತೈತಂತ, ರಾಯವ್ವಾ!" ಎಂದು ಕೂಗಿದಳು. ಎಲ್ಲ ಕೇಳಿಸಿಕೊಂಡಿದ್ದ ರಾಯವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಮಾಬೂಬಿಯ ಎರಡು ವರ್ಷದ ಬಾಕಿ ಬೈಗುಳ ಒಮ್ಮೆಲೇ ಹರಿಯಿತು. "ಮತ್ತ ಮುಂಜಾನಿಂದ ಎಲ್ಲಿ ಹಾಳಾಗಿ ಹೋಗಿದ್ದಿ? ಉಣ್ಣಾಕ ಬರಲಿಲ್ಲ, ಚಾಕ್ಕ ಬರಲಿಲ್ಲ! ಮಾರಿ ನೋಡು, ಬಾಡಿದ ಬದನಿಕಾಯಿ ಆಗೇತಿ!"

ರಾಜೇಸಾಬ ತಲೆ ತಗ್ಗಿಸಿ ನಿಂತು ಒಂದೊಂದನ್ನೂ ಉಂಡ. ಕಣ್ಣೀರು ಗಡ್ಡಕ್ಕಿಳಿಯಿತು. ಅದು ಅವಳ ಕಣ್ಣಿಗೆ ಬಿತ್ತು.

"ಅಳತಿ ಯಾಕೋ ಹುಚ್ಚ? ಮಷೀನ ಬರೂದೈತಿ ಅಂತ ಯಾರರ ಅಳತಾರೇನ?"