ಅಂಗಾಲು ಸುಡುವ ಸುಖ

ಹೋದ ಬೇಸಿಗೆಯಲ್ಲಿ ಎರಡು ತಿಂಗಳ ಮಟ್ಟಿಗೆ ನಾನು ಮಹಾಭಕ್ತನಾಗಿದ್ದೆ. ಜಂಬಕ್ಕೆ ಹೇಳುತ್ತಿಲ್ಲ, ಆ ಜಂಬವೆಲ್ಲ ಆಮೇಲೆ ಬ್ಯಾಂಡೇಜಿನೊಳಗೆ ಸೇರಿಹೋಯಿತು. ನಮ್ಮ ಶಹಾಪುರದ ಬಿಸಿಲು ಕಂಡವರಿಗೆ ಗೊತ್ತು, ಮಧ್ಯಾಹ್ನ ಗುಡಿಯ ಅಂಗಳದ ಫರಸಿಕಲ್ಲು ಕಾದ ಹಂಚಿನಂತಿರುತ್ತದೆ. ಹೊರಗೆ ಚಪ್ಪಲಿ ಬಿಟ್ಟವರು ಎಷ್ಟೇ ಗಂಭೀರ ಮನುಷ್ಯರಾಗಿರಲಿ, ನೆರಳು ಸಿಗುವವರೆಗೆ ಕುಣಿಯಲೇಬೇಕು. ನಾನೂ ಅರವತ್ತು ವರ್ಷ ಕುಣಿದವನೇ. ಆದರೆ ಆ ಬೇಸಿಗೆಯ ಒಂದು ಸೋಮವಾರ ನಡು ಅಂಗಳದಲ್ಲಿ ಆರಾಮಾಗಿ ನಿಂತು, ಪರಿಚಯದ ಕಿರಾಣಿ ಅಂಗಡಿ ಸಾಹುಕಾರರನ್ನು ಮಾತಾಡಿಸುತ್ತಿದ್ದೆ. ಅವರು ಒಂದು ಕಾಲಿನಿಂದ ಇನ್ನೊಂದಕ್ಕೆ ಜಿಗಿಯುತ್ತ, "ಮಾಸ್ತರ್ರೀ, ನಿಮಗ ಕಾಲ ಸುಡಂಗಿಲ್ಲೇನ್ರಿ?" ಎಂದರು.

"ಇಲ್ರಿ" ಎಂದೆ. ನಿಜಕ್ಕೂ ಸುಡುತ್ತಿರಲಿಲ್ಲ.

"ದೊಡ್ಡವರು ಬಿಡ್ರಿ ನೀವು!" ಎಂದು ಕೈಮುಗಿದು ನೆರಳಿಗೆ ಓಡಿದರು.

ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆಯ ಗುಳಿಗೆ ನುಂಗುತ್ತಿರುವ ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ನನ್ನ ಭಕ್ತಿ ಪಕ್ವವಾಗಿದೆ ಎಂದುಕೊಂಡೆ. ಮುಂದಿನ ಸೋಮವಾರಗಳಲ್ಲಿ ಬೇಕೆಂದೇ ನಡು ಮಧ್ಯಾಹ್ನ ಹೋಗಿ, ಜನ ನೋಡಲೆಂದು ನಿಧಾನವಾಗಿ ಐದೈದು ಪ್ರದಕ್ಷಿಣೆ ಹಾಕಿದೆ. ಒಂದು ದಿನ ಮನೆಗೆ ಬಂದಾಗ ಹೆಂಡತಿ ಶಾಂತಮ್ಮ, "ನೆಲದ ಮ್ಯಾಲ ಇದೇನ್ರಿ, ಹಸಿ ಹೆಜ್ಜಿ? ಕಾಲ ತೊಳದೀರೇನು?" ಎಂದಳು. ನಾನು ತೊಳೆದಿರಲಿಲ್ಲ. ಅಂಗಾಲಿನ ಬೊಬ್ಬೆ ಒಡೆದು ನೀರು ಸೋರುತ್ತಿತ್ತು.

ಯಾದಗಿರಿಯ ಡಾಕ್ಟರು ನನ್ನ ಹೆಬ್ಬೆರಳನ್ನು ಒತ್ತಿ ಬಿಟ್ಟು, ಬಿಳುಚಿದ ಚರ್ಮ ಕೆಂಪಾಗುವುದನ್ನೇ ಕಾದರು. ತುಂಬ ಹೊತ್ತು ಕಾದರು. "ಚರ್ಮಕ್ಕ ರಕ್ತ ಸರಿಯಾಗಿ ಬರವಲ್ದು ಮಾಸ್ತರ್ರೀ, ನರಾನೂ ಸತ್ತಂಗ ಆಗ್ಯಾವ. ಸುಟ್ಟರೂ ಗೊತ್ತಾಗಂಗಿಲ್ಲ, ಗಾಯಾದ್ರ ಲಗೂನ ಮಾಯಂಗಿಲ್ಲ. ಹಿಂಗಾ ಬಿಟ್ರ ಕಾಲಾ ತೆಗಿಬೇಕಾಗ್ತದ. ಇನ್ಮ್ಯಾಗ ಮನ್ಯಾಗೂ ಚಪ್ಪಲಿ ಹಾಕ್ಕೋರಿ" ಎಂದರು. ಹೊಸ್ತಿಲೊಳಗೆ ಬೀಗರ ಚಪ್ಪಲಿಯನ್ನೂ ಬಿಟ್ಟುಕೊಳ್ಳದಿದ್ದ ಶಾಂತಮ್ಮ, ಅವತ್ತೇ ಮೆತ್ತನೆಯ ಜೋಡು ಕೊಂಡುತಂದು, ತಾನೇ ನನ್ನ ಮಂಚದ ಕೆಳಗಿಟ್ಟಳು.

ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ಕಾಲು ಉಳಿಯಿತು, ಆದರೆ ಕಾಲಿಗೆ ನೆಲ ತಪ್ಪಿಹೋಯಿತು. ದೋರನಹಳ್ಳಿಯ ನಮ್ಮ ಎರೆ ಮಣ್ಣಿನ ಹೊಲದಲ್ಲಿ ನೀರು ಬಿಟ್ಟ ಮರುದಿನ ಬರಿಗಾಲಲ್ಲಿ ನಡೆದರೆ ಬೆರಳ ಸಂದಿಯಿಂದ ತಣ್ಣನೆಯ ಕೆಸರು ಮೇಲೇಳುತ್ತಿತ್ತು. ಅದು ಬೇಕೆನಿಸುತ್ತದೆ. ಜಾಲಿ ಮುಳ್ಳು ಚುಚ್ಚಿ "ಯಪ್ಪಾ" ಎಂದು ಕುಂಟಿದ್ದೂ ಬೇಕೆನಿಸುತ್ತದೆ. ಗುಡಿಯ ಅಂಗಳದಲ್ಲಿ ಎಲ್ಲರಂತೆ ಒಮ್ಮೆ ಕುಣಿಯಬೇಕೆಂದು ಎಷ್ಟು ಆಸೆ ಎಂದರೆ, ಜಿಗಿಯುವವರನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತದೆ.

ಶಾಂತಮ್ಮ ದಿನಾ ಸಂಜೆ ನನ್ನ ಪಾದಗಳನ್ನು ತಿರುಗಿಸಿ ನೋಡಿ, ಬೆರಳ ಸಂದಿ ಬಿಟ್ಟು ಕೊಬ್ಬರಿ ಎಣ್ಣೆ ಹಚ್ಚುತ್ತಾಳೆ. ಹಚ್ಚುವಾಗಲೆಲ್ಲ, "ಇವತ್ತರ ನನ್ನ ಕೈ ಗೊತ್ತಾಗ್ತದೇನ್ರಿ?" ಎಂದು ಕೇಳುತ್ತಾಳೆ. ಕೇಳುವಾಗ ಅವಳ ಮುಖ ನೋಡಿ ಇಲ್ಲ ಎನ್ನಲಾಗದೆ, "ಸ್ವಲ್ಪ ಸ್ವಲ್ಪ" ಎನ್ನುತ್ತ ಬಂದಿದ್ದೇನೆ. ಮೊನ್ನೆ ಗೋಡೆಗೊರಗಿ, ಕಾಲು ಚಾಚಿ, ಕಣ್ಣು ಮುಚ್ಚಿ ಕೂತಿದ್ದೆ.

"ಈಗ?" ಎಂದಳು.

"ಆಹಾ, ನಿನ್ನಿಗಿಂತ ಚಲೋ ಗೊತ್ತಾಗಾಕತ್ತದ. ಸ್ವಲ್ಪ ಮೆಲ್ಲಕ ತಿಕ್ಕು" ಎಂದೆ.

ಕಣ್ಣು ತೆರೆದರೆ, ಅವಳಿನ್ನೂ ಎಣ್ಣೆ ಬಾಟಲಿಯ ಬಿಗಿದ ಮುಚ್ಚಳವನ್ನು ತಿರುವುತ್ತ ಕೂತಿದ್ದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಮುಚ್ಚಳ ತೆಗೆದು, ಅಂಗೈಗೆ ಎಣ್ಣೆ ಸುರಿದುಕೊಂಡು, ನಾನು ಹೇಳಿದಂತೆಯೇ ಮೆಲ್ಲಗೆ ತಿಕ್ಕತೊಡಗಿದಳು. ಮೆಲ್ಲಗೆ ಎಂಬುದು ನನಗೆ ನೋಡಿ ಗೊತ್ತಾಯಿತು.